ಪ್ರಾರ್ಥನೆಯ ಉದ್ದ

ಕೇಸರಿ ಹಾಕಿದ ಸಿಹಿರೊಟ್ಟಿ ಬೇಯುವ ವಾಸನೆಗೆ ಎಚ್ಚರವಾದ ಜೇಬೆಜ್ ನ್ಯಾನ್‌ಕಾರೋ ಗೋಡೆಯ ಕಡೆ ಮಗ್ಗುಲಾಗಿ ಹಾಸಿಗೆಯಲ್ಲೇ ಉಳಿದ. ಹುಟ್ಟಿದಾಗಿನಿಂದ ಈ ವಾಸನೆ ಬಂದರೆ ಅವನ ಬಾಯಲ್ಲಿ ನೀರೂರುತ್ತಿತ್ತು. ಇವತ್ತು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡ. ಅವನ ಹೆಂಡತಿ ಡಾರ್ಕಸ್ ಕೇಸರಿಯ ಪೊಟ್ಟಣ ಬಿಚ್ಚುತ್ತಿದ್ದುದು ಮದುವೆಗೆ, ಕ್ರಿಸ್‌ಮಸ್ಸಿಗೆ, ಪ್ರಾರ್ಥನಾಮಂದಿರದ ಚಹಾಕೂಟಕ್ಕೆ. ಈ ಸಲ ಬಿಚ್ಚಿದ್ದು ಸತ್ತವರಿಗಾಗಿ. ನಾಡಿದ್ದು ಭಾನುವಾರ ಪೋರ್ತ್‌ಗಾರೋ ಎಂಬ ಈ ಚಿಕ್ಕ ಬಂದರಿಗೆ ಎಲ್ಲೆಲ್ಲಿಂದಲೋ ಜನ ಬರುವವರಿದ್ದರು, 'ಅಮರಾಂತ್' ಹಡಗಿನಲ್ಲಿ ಮುಳುಗಿದವರನ್ನು ನೆನೆಯಲು. ಬಂದವರನ್ನು ಒಣಬಾಯಲ್ಲಿ ಕಳಿಸುವುದುಂಟೆ? ಆದರೆ ಅವರು ಬರುತ್ತಿದ್ದುದು ಚಹಾ ಕುಡಿಯುವುದಕ್ಕಲ್ಲ, ಜೇಬೆಜನ ಪ್ರಾರ್ಥನೆ ಕೇಳುವುದಕ್ಕೆ. ಹಡಗು ಬಂಡೆಗೆ ಬಡಿದ ಸಂಜೆ ಅವನು ಮಾಡಿದನಲ್ಲ, ಆ ಪ್ರಾರ್ಥನೆ. ಪಾದ್ರಿಗಳು ಬುಧವಾರ ಬಂದು, ಅವೇ ಮಾತುಗಳು ಬರಬೇಕೆಂದೇನಿಲ್ಲ, ಆ ಭಾವ ಬಂದರೆ ಸಾಕು ಎಂದು ಅವನ ಹೆಗಲು ತಟ್ಟಿ ಹೋಗಿದ್ದರು. ಜೇಬೆಜ್ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿಕೊಂಡ. ಅರುವತ್ತರ ಹತ್ತಿರದ ಬಾಯಿ. ಹಿಂದಿನ ಹಲ್ಲುಗಳು ಬಿದ್ದಿವೆ, ತಂಬಾಕು ನಾರುತ್ತದೆ. ಇದನ್ನು ನೋಡಲು ಜನ ರೈಲು ಹತ್ತಿ ಬರುತ್ತಾರಂತೆ.

ಕೆಳಗಿಳಿದು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಮಿಸೆಸ್ ಹೆಬ್ಡನ್ ಕುರ್ಚಿಯಿಂದ ಎದ್ದು ನಿಂತಳು. ಇದೊಂದನ್ನು ಮಾತ್ರ ಅವನಿಂದ ಸಹಿಸಲಾಗುತ್ತಿರಲಿಲ್ಲ. ಹಡಗಿನ ಕಂಬದ ಹಗ್ಗಗಳಿಂದ ಬಿಡಿಸಿ ಅವನು ದೋಣಿಗಿಳಿಸಿಕೊಂಡವರಲ್ಲಿ ಇವಳೊಬ್ಬಳು. ಉತ್ತರದ ಉಣ್ಣೆ ಗಿರಣಿಯೂರಿನವಳು, ಗಂಡನ ಜೊತೆ ಅಮೆರಿಕದ ಗಿರಣಿಗೆ ಹೊರಟಿದ್ದವಳು. ಬದುಕಿ ಉಳಿದವರೆಲ್ಲ ಅವರವರ ಊರಿಗೆ ಹೋಗಿಯಾಗಿತ್ತು. ಗಂಡನ ಹೆಣ ಸಿಗುವವರೆಗೂ ಕದಲುವುದಿಲ್ಲವೆಂದು ಇವಳು ಇಲ್ಲೇ ಉಳಿದಳು. ಹೆಣ ಸಿಕ್ಕಿತು, ನಿನ್ನೆ ಮಣ್ಣೂ ಆಯಿತು. ಈಗ ಡಾರ್ಕಸಳ ಕಂದು ಅಂಗಿ ತೊಟ್ಟು, ಉದ್ದವಾದ ತೋಳುಗಳನ್ನು ಮಡಚಿಕೊಂಡು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಜೇಬೆಜ್ ಒಳಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಾಳೆ, ಅವನು ಕೂತ ಮೇಲೆ ಕೂರುತ್ತಾಳೆ. ಬೇಡವೆಂದರೂ ಕೇಳಲಿಲ್ಲ. ಅವಳು ಏಳುವುದರೊಳಗೆ ತಾನು ಕೂತುಬಿಡಬೇಕೆಂಬ ಆತುರದಲ್ಲಿ ಮೊನ್ನೆ ಅವನು ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡಿದ್ದ. ಆಗ ಅವಳು ಒದ್ದೆ ಬಟ್ಟೆ ತಂದು ಹಣೆಗೆ ಒತ್ತಿದಳು, ತನ್ನ ಗಂಡನ ಹೆಣವನ್ನು ಸಮುದ್ರದಲ್ಲಿ ಬಿಟ್ಟುಕೊಂಡವಳು, ಇವನ ಹಣೆಗೆ. ಜೇಬೆಜ್ ಕಣ್ಣು ಮುಚ್ಚಿಕೊಂಡಿದ್ದ.

ನಿನ್ನೆ ಸ್ಮಶಾನದಿಂದ ಹಿಂತಿರುಗುವಾಗ ಅವಳು ಮೊದಲ ಸಲ ಆ ಸಂಜೆಯ ಮಾತೆತ್ತಿದ್ದಳು. ಗಂಡ ವಾಲ್ಟರ್ ತನ್ನ ಸೊಂಟಪಟ್ಟಿ ಬಿಚ್ಚಿ ಅವಳನ್ನು ಹಗ್ಗಕ್ಕೆ ಬಿಗಿದನಂತೆ, ತಾನು ಬರಿಗೈಯಲ್ಲೇ ಹಿಡಿದುಕೊಂಡನಂತೆ. ಕೆಳಗೆ ನೀರು ಏರುತ್ತಿತ್ತು. ದಡದ ಮನೆಗಳಲ್ಲಿ ಬೆಳಕು ಕಾಣುತ್ತಿತ್ತು, ಎಷ್ಟು ಹತ್ತಿರ ಕಾಣುತ್ತಿತ್ತೆಂದರೆ ಯಾರೋ ಕಿಟಕಿಯ ಪರದೆ ಎಳೆದದ್ದೂ ಕಂಡಿತಂತೆ. ದೋಣಿ ಬರುತ್ತೆ, ಇದು ಮೀನುಗಾರರ ಊರು, ಬಂದೇ ಬರುತ್ತೆ ಎಂದು ವಾಲ್ಟರ್ ಹೇಳುತ್ತಲೇ ಇದ್ದನಂತೆ. "ಕೊನೆಗೆ ನಿಮ್ಮ ದೀಪ ಬಂಡೆ ಸುತ್ತಿ ಬಂತಲ್ಲ, ನಾನೇ ಮೊದಲು ನೋಡಿದ್ದು," ಎಂದಳು ಅವಳು. "ಬಂತು ನೋಡು ಅಂತ ಹೇಳೋಕೆ ಪಕ್ಕಕ್ಕೆ ತಿರುಗಿದೆ. ವಾಲ್ಟರ್ ಇರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಮಾತಾಡ್ತಿದ್ದ." ಜೇಬೆಜ್ ಹೆಜ್ಜೆ ಜೋರು ಮಾಡಿದ. ಅವಳು ಅವನ ತೋಳು ಹಿಡಿದು, ಆಮೇಲೆ ರಾತ್ರಿಗಳಲ್ಲಿ ನಿದ್ದೆ ಬಾರದೆ ಒದ್ದಾಡಿದ್ದಾಗಿಯೂ, ಹಡಗು ಬಡಿದ ಹೊತ್ತಿಗೇ ಇಲ್ಲೊಬ್ಬರು ಸಮುದ್ರದಲ್ಲಿರುವವರಿಗಾಗಿ ಪ್ರಾರ್ಥಿಸುತ್ತಿದ್ದರೆಂದು ಡಾರ್ಕಸ್ ಹೇಳಿದ ಮೇಲೆ ನಿದ್ದೆ ಹತ್ತಿದ್ದಾಗಿಯೂ ಹೇಳಿದಳು. ಭಾನುವಾರ ಅದನ್ನೊಮ್ಮೆ ತನ್ನ ಕಿವಿಯಾರೆ ಕೇಳಿಕೊಂಡು ಊರಿಗೆ ಹೋಗುವುದಾಗಿ ಹೇಳಿದಳು. ಅವಳ ಹಿಡಿತ ಬಿಗಿಯಾಗಿತ್ತು.

ಆ ಊರಿನ ಮೆಥಡಿಸ್ಟ್ ಪಂಥದ ಕ್ರೈಸ್ತರಲ್ಲಿ ಪುಸ್ತಕ ನೋಡಿ ಪ್ರಾರ್ಥಿಸುವವನಿಗೆ ಮರ್ಯಾದೆಯಿಲ್ಲ. ಎದ್ದು ಕಣ್ಣು ಮುಚ್ಚಿದರೆ ಮಾತು ತಾನಾಗಿ ಬರಬೇಕು. ಬರತೊಡಗಿದರೆ ಜನ "ಹೌದು ಸ್ವಾಮಿ", "ಆಮೆನ್" ಎಂದು ಅಲ್ಲಲ್ಲಿಂದ ಕೂಗಿ ಅವನನ್ನು ಮೇಲಕ್ಕೆತ್ತುತ್ತಾರೆ. ಹಾಗೆ ಒಬ್ಬನಿಗೆ ಬಾಯಿ ಬಿಚ್ಚಿತೆಂದರೆ ಮಗು ಅತ್ತರೂ ತಾಯಿ ಏಳುವುದಿಲ್ಲ, ಕೆಮ್ಮು ಬಂದವನು ಟೋಪಿಯನ್ನು ಬಾಯಿಗೆ ತುರುಕಿಕೊಳ್ಳುತ್ತಾನೆ. ಏಳುವುದೆಂದರೆ ದೇವರ ಬಾಯಿಗೆ ಕೈ ಅಡ್ಡ ಹಿಡಿದಂತೆ. ಆ ಸಂಜೆಯವರೆಗೆ ಜೇಬೆಜನಿಗೆ ಹಾಗೆ ಬಾಯಿ ಬಿಚ್ಚಿದ್ದೇ ಇರಲಿಲ್ಲ. ನೀರಿನ ಮೇಲೆ ಅವನನ್ನು ಮೀರಿಸುವವನಿಲ್ಲ. ಬಲೆದೋಣಿಯ ಚುಕ್ಕಾಣಿ ಹಿಡಿದು ಅವನು ಒಂದು ಮಾತಂದರೆ ಹುಟ್ಟುಗಳೆಲ್ಲ ಒಟ್ಟಿಗೆ ಏಳುತ್ತವೆ. ಮಂದಿರದಲ್ಲಿ ಅವನು ಎದ್ದರೆ ಅದೇ ಹುಟ್ಟು ಹಾಕುವವರು ಆಕಳಿಸುತ್ತಾರೆ. ತವರದ ಗಣಿ ಬಿಟ್ಟು ಬಂದ ಸೈಲಸ್ ಟ್ರೆಂಬಾತ್ ಬಾಯಿ ತೆರೆದರೆ ಹೆಂಗಸರ ಕರವಸ್ತ್ರ ಒದ್ದೆಯಾಗುತ್ತದೆ. ಜೇಬೆಜನ ಪ್ರಾರ್ಥನೆ ಉಪ್ಪು ಕಾಣದ ಮೀನಿನ ಹಾಗೆ, ಮುಗಿಯುವ ಹೊತ್ತಿಗೆ ನಾರುತ್ತಿರುತ್ತದೆ ಎಂದು ಅದೇ ಸೈಲಸ್ ಯಾವಾಗಲೋ ಅಂದಿದ್ದ. ಊರು ನಕ್ಕಿತ್ತು. ಡಾರ್ಕಸ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಜೇಬೆಜ್ ತಾನೂ ನಕ್ಕು, ಮನೆಗೆ ಬಂದು, ಒಬ್ಬನೇ ಹಿತ್ತಿಲಿಗೆ ಹೋಗಿ ಹಂದಿಯ ಗೂಡಿನ ಮುಂದೆ ನಿಂತು ಪ್ರಾರ್ಥಿಸಿ ನೋಡಿದ್ದ. ಹಂದಿಗೂ ರುಚಿಸಿದಂತೆ ಕಾಣಲಿಲ್ಲ.

ಹಾಗಿದ್ದವನಿಗೆ ಹಡಗು ಬಡಿದ ಆ ಭಾನುವಾರ ಸಂಜೆ ಮಾತು ಬಂತು. ಯಾಕೆ ಅವತ್ತೇ ಬಂತು ಎನ್ನುವುದನ್ನು ಯಾರು ಹೇಳಬೇಕು? ಊರಿನ ವಿಧವೆಯರ ಹೆಸರು ಒಂದೊಂದಾಗಿ ಹಿಡಿದು ಬೇಡಿಕೊಳ್ಳುತ್ತಿದ್ದಾಗ ಹಿಂದಿನ ಸಾಲಿನಿಂದ ಒಂದು "ಆಮೆನ್" ಕೇಳಿಸಿತು, ಬಾಯಿಚಟದ ಆಮೆನ್ ಅಲ್ಲ, ಹೊಟ್ಟೆಯಿಂದ ಬಂದದ್ದು. ಆಮೇಲೆ ಇನ್ನೊಂದು. ಜೇಬೆಜನ ಬೆನ್ನು ಬಿಸಿಯಾಯಿತು. ಮಾತಿನ ಹಿಂದೆ ಮಾತು, ಬಲೆ ಎಳೆದಷ್ಟೂ ಮೀನು. ಸೈಲಸ್ ಬಿಕ್ಕಿದ್ದು ಕೇಳಿಸಿತು, ಹೌದು, ಸೈಲಸ್ಸೇ. ಆಗ ಹೊರಗಿನಿಂದ, ಗಾಳಿಯ ಜೊತೆ, ಹಡಗಿನ ಕೂಗು ಬಂತು. ಹಾದುಹೋಗುವ ಹಡಗುಗಳು ಊರಿಗೆ ಸಲಾಮು ಹಾಕಿದಂತೆ ಚುಟುಕಾಗಿ ಕೂಗಿ ಹೋಗುವುದುಂಟು. ಇದು ಚುಟುಕಾಗಿರಲಿಲ್ಲ. ನಿಲ್ಲದೆ ಎಳೆಯುತ್ತಿತ್ತು, 'ಹಂದಿ ಮತ್ತು ಮರಿಗಳು' ಎಂದು ಊರವರು ಕರೆಯುವ ಬಂಡೆಗಳ ದಿಕ್ಕಿನಿಂದ. ಯಾವ ಹಡಗೂ ಸಲಾಮಿಗೆಂದು ಅಲ್ಲಿಗೆ ಹೋಗುವುದಿಲ್ಲ. ಇದು ಜೇಬೆಜನಿಗೆ ಗೊತ್ತಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಸಮುದ್ರ ಕೇಳಿ ಬೆಳೆದ ಕಿವಿಗೆ ಗೊತ್ತಾಗದೆ ಇರುತ್ತದೆಯೆ? ಗೊತ್ತಿದ್ದೂ ಅವನ ಬಾಯಿ ಏನು ಮಾಡಿತು? "ಈ ಹೊತ್ತು ನೀರಿನ ಮೇಲಿರುವವರನ್ನು ನೆನೆ ಸ್ವಾಮಿ" ಎಂದಿತು. ಆ ಕೂಗಿನ ಶ್ರುತಿಗೆ ದನಿ ಸೇರಿಸಿ, ಅದನ್ನು ಮೀರಿ ಏರಿತು. ಮಂದಿರ ನಡುಗುವಂಥ ಆಮೆನ್ ಬಂತು. ಕೂಗು ನಿಂತಿತು, ಮತ್ತೆ ಎದ್ದಿತು. ಅವನು ನಾವಿಕರಿಗಾಗಿ ಬೇಡಿದ, ಅವರ ತಾಯಂದಿರಿಗಾಗಿ ಬೇಡಿದ. ನಿಲ್ಲಿಸಬಹುದಾಗಿದ್ದ ಜಾಗಗಳು ಒಂದೊಂದಾಗಿ ಬಂದವು, ಒಂದೊಂದನ್ನೂ ಅವನು ಕಂಡ, ಕಂಡು ದಾಟಿದ. ಇನ್ನೊಂದೇ ಮಾತು, ಇದೊಂದು ಚೆನ್ನಾಗಿದೆ, ಇದನ್ನು ಹೇಳಿ ನಿಲ್ಲಿಸೋಣ. ಕೊನೆಗೆ ನಿಲ್ಲಿಸಿ, ಕಣ್ಣು ತೆರೆದು, ಬೇರೆಯೇ ದನಿಯಲ್ಲಿ "ದೋಣಿ" ಎಂದ. ಗಂಡಸರೆಲ್ಲ ಬೆಂಚು ಕೆಡವಿಕೊಂಡು ಓಡಿದರು. ಆಮೇಲೆ ಅವನು ಮಾಡಿದ್ದನ್ನು ಯಾವ ಗಂಡಸೂ ಮಾಡಲಾರ. ಆ ಬಂಡೆಗಳ ನಡುವೆ, ಆ ಕತ್ತಲೆಯಲ್ಲಿ ದೋಣಿಯನ್ನು ಮತ್ತೆ ಮತ್ತೆ ನುಗ್ಗಿಸಿದ. ಹಡಗು ಬಡಿದ ಹೊತ್ತಿಗೇ ಅವನ ಬಾಯಲ್ಲಿ ಸಮುದ್ರದ ಮಾತು ಇಟ್ಟವನು ದೇವರು ಎಂದು ಮರುದಿನ ಊರು ಹೇಳಿತು, ಅದರ ಮರುದಿನ ಪತ್ರಿಕೆ ಹೇಳಿತು. ದೇವರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಬಾಯಿ ಬಳಸಿಕೊಂಡಿತ್ತು. ಇನ್ನೂ ನಾಚಿಕೆಯ ಸಂಗತಿಯೆಂದರೆ ಆ ಪ್ರಾರ್ಥನೆಯ ಪ್ರತಿಯೊಂದು ಮಾತೂ ಅವನಿಗೆ ನೆನಪಿತ್ತು. ದಿನವೂ ಮಲಗಿದ ಮೇಲೆ ಮೊದಲಿಂದ ಕೊನೆಯವರೆಗೆ ನಾಲಿಗೆಯ ಮೇಲೆ ತಿರುಗಿಸುತ್ತಿದ್ದ. ಪಶ್ಚಾತ್ತಾಪದಿಂದ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೂ ಕೆಲವು ಕಡೆ ರುಚಿಯಾಗುತ್ತಿತ್ತು.

ತಿಂಡಿಗೆ ಕೂರದೆ ಅವನು ಬಲೆಮನೆಗೆ ಹೋದ. ಅಲ್ಲಿ ಹಂಡೆಯಲ್ಲಿ ಓಕ್ ತೊಗಟೆಯ ಕಷಾಯ ಕುದಿಯುತ್ತಿತ್ತು. ಬಲೆ ಕೊಳೆಯದಿರಲೆಂದು ಅದ್ದಿ ಅದ್ದಿ ಕಂದು ಬಣ್ಣಕ್ಕೆ ತಿರುಗಿಸುತ್ತಿದ್ದರು. ಅವನು ಒಳಗೆ ಬಂದೊಡನೆ ಮಾತು ಮೆಲ್ಲಗೆ ನಿಂತಿತು. ಹುಟ್ಟು ಹಾಕುವ ಪೆಥರಿಕ್, "ಬಾ ಜೇಬೆಜ್ ಮಾವ, ಕೂತ್ಕೋ" ಎಂದು ತನ್ನ ಮಣೆ ಬಿಟ್ಟುಕೊಟ್ಟ. ಮೊದಲಾಗಿದ್ದರೆ ಮಾವ ತಡವಾಗಿ ಬಂದನೆಂದು ಬೈಯುತ್ತಿದ್ದ. ಹಂಡೆ ಕಲಕುತ್ತಿದ್ದ ಸೈಲಸ್ ಟ್ರೆಂಬಾತ್ ಭಾನುವಾರದ ಮಾತೆತ್ತಿ, ಜೇಬೆಜ್ ಎದ್ದು ನಿಂತ ಮೇಲೆ ಮತ್ಯಾರೂ ಬಾಯಿ ತೆರೆಯಬಾರದೆಂದು ಪಾದ್ರಿಗಳಿಗೆ ತಾನೇ ಹೇಳಿರುವುದಾಗಿ ತಿಳಿಸಿದ. ನಿನ್ನ ಮುಂದೆ ನಾನೇನು ಎಂದೂ ಹೇಳಿದ. ವರ್ಷಗಟ್ಟಲೆ ಜೇಬೆಜ್ ಕಾದಿದ್ದು ಈ ಒಂದು ಮಾತಿಗೆ. ಸೈಲಸನ ಬಾಯಿಂದ ಬಂದಾಗ ಅದು ಕೆನ್ನೆಗೆ ಬಿದ್ದ ಪೆಟ್ಟಿನ ಹಾಗಿತ್ತು. ತಡೆಯಲಾಗದೆ ಕೇಳಿಯೇಬಿಟ್ಟ.

"ಸೈಲಸ್, ಅವತ್ತು ಮಂದಿರದಲ್ಲಿ ಕೂತಿದ್ದಾಗ ನಿನಗೆ ಏನಾದ್ರೂ ಕೇಳಿಸ್ತಾ?"

ಸೈಲಸ್ ಕಲಕುವುದನ್ನು ನಿಲ್ಲಿಸಲಿಲ್ಲ. "ನಿನ್ನ ಪ್ರಾರ್ಥನೆ ಕೇಳಿಸ್ತು ಮಗಾ," ಎಂದ. "ಬೇರೆ ಏನೂ ಕೇಳಿಸಲಿಲ್ಲ. ಇಲ್ಲಿ ಯಾರಿಗೂ ಕೇಳಿಸಲಿಲ್ಲ."

ಯಾರೂ ತಲೆಯೆತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದೊಡನೆ ಎಲ್ಲರೂ ಹೆಗಲು ಮುಟ್ಟಿಕೊಂಡಂತಾಯಿತು. ಪೆಥರಿಕ್ ಬಲೆಯ ತೂತೊಂದರಲ್ಲಿ ಬೆರಳಿಟ್ಟುಕೊಂಡು, ಅದನ್ನೇ ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ಜೇಬೆಜ್ ಹೊರಗೆ ಬಂದ. ದಡದಲ್ಲಿ ಹೆಂಗಸರು ಅಲೆ ತಂದು ಹಾಕಿದ ಹಲಗೆಗಳನ್ನು ಆಯುತ್ತಿದ್ದರು; ಅವನನ್ನು ಕಂಡು ಒಬ್ಬೊಬ್ಬರಾಗಿ ನಮಸ್ಕರಿಸಿದರು. ಸಮುದ್ರ ತಣ್ಣಗಿತ್ತು. ಹಂದಿ ಮತ್ತು ಮರಿಗಳ ನಡುವೆ ಅಮರಾಂತಿನ ಒಂದು ಕಂಬ ಇನ್ನೂ ನಿಂತಿತ್ತು, ಇಲ್ಲಿಂದ ನೋಡಿದರೆ ಕೈಗೆ ಸಿಗುವಂತಿತ್ತು. ಅಷ್ಟು ಹತ್ತಿರ.

ಮನೆಯ ಹಿತ್ತಿಲಲ್ಲಿ ಡಾರ್ಕಸ್ ಹಂದಿಗೆ ಸಿಪ್ಪೆ ಹಾಕುತ್ತಿದ್ದಳು. ಅವನು ಸುತ್ತುಬಳಸದೆ, ಮಿಸೆಸ್ ಹೆಬ್ಡನ್‌ಗೆ ಒಂದು ಮಾತು ಹೇಳುವುದಿದೆ ಎಂದ. ಯಾವ ಮಾತು ಎಂದು ಅವಳು ಕೇಳಲಿಲ್ಲ. ಬೋಗುಣಿ ಕೆಳಗಿಟ್ಟು ಕೈ ಒರೆಸಿಕೊಂಡಳು.

"ನಿನಗೊಬ್ಬನಿಗೇ ಕಿವಿ ಇದೆ ಅಂದ್ಕೊಂಡಿದ್ದೀಯಾ ಜೇಬೆಜ್? ನಾನೂ ಕೇಳ್ದೆ. ಸೈಲಸ್ ಕೇಳ್ದ. ಹಾರ್ಮೋನಿಯಂ ನುಡಿಸೋ ಹುಡುಗಿ ಕಿಟಕಿ ಕಡೆ ತಿರುಗಿದ್ಳು. ಎಲ್ರೂ ನಿನ್ನ ಮುಖ ನೋಡಿದ್ರು. ನೀನು ಕಣ್ಣು ಮುಚ್ಕೊಂಡಿದ್ದೆ."

"ಮತ್ತೆ ಯಾಕೆ ಯಾರೂ ಏಳಲಿಲ್ಲ?"

"ನೀನು ಪ್ರಾರ್ಥನೆ ಮಾಡ್ತಿದ್ದೆಯಲ್ಲ," ಎಂದಳು ಡಾರ್ಕಸ್. ಅದರಲ್ಲಿ ವ್ಯಂಗ್ಯವಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಆ ಹೆಣ್ಣಿನ ತಲೆ ಮೇಲೆ ಹೊರಿಸಬೇಡ. ಅವಳಿಗೆ ಉಳಿದಿರೋದು ಅದೊಂದೇ," ಎಂದಳು.

ಅವನಿಗೆ ಮೊದಲು ಬಂದದ್ದು ಸಿಟ್ಟು, ಅದರ ಹಿಂದೆಯೇ ಒಂದು ಬಗೆಯ ನಿರಾಸೆ. ಇಷ್ಟು ದಿನ ಈ ಪಾಪ ತನ್ನೊಬ್ಬನದೆಂದು ಎದೆಯೊಳಗೆ ಬೆಚ್ಚಗಿಟ್ಟುಕೊಂಡು ಸಾಕಿದ್ದ. ಈಗ ನೋಡಿದರೆ ಇಡೀ ಊರೇ ಅದರ ಮೇಲೆ ಕೂತಿದೆ. ದೇವರೇ ಮಾತು ಇಟ್ಟನೆಂಬ ಕಥೆ ಅವರಿಗೆ ಅವನಿಗಿಂತ ಹೆಚ್ಚಾಗಿ ಬೇಕಿತ್ತು. ದೇವರು ಮಾತಾಡುತ್ತಿದ್ದಾಗ ಕೂತಿದ್ದವರನ್ನು ಯಾರು ತಾನೇ ದೂರುತ್ತಾರೆ? ಭಾನುವಾರ ಅವನು ಎದ್ದು ನಿಂತರೆ ಅವರೆಲ್ಲ ಇನ್ನೊಮ್ಮೆ ಕೂರುತ್ತಾರೆ, ಈ ಸಲ ನೆಮ್ಮದಿಯಿಂದ. ಡಾರ್ಕಸ್ ಹೇಳಿದ್ದು ಸುಳ್ಳೇನಲ್ಲ. ಹೇಳಿಬಿಟ್ಟರೆ ತನಗೆ ಇಂದು ರಾತ್ರಿ ನಿದ್ದೆ ಬರುತ್ತದೆ, ಆ ವಿಧವೆಯ ನಿದ್ದೆ ಹೋಗುತ್ತದೆ. ಅದು ಮತ್ತೊಂದು ಕಳ್ಳತನವಾದಂತೆ. ಬಾಯಿ ಮುಚ್ಚಿಕೊಂಡಿರುವುದೇ ಈಗಿನ ಶಿಕ್ಷೆ ಎಂದುಕೊಂಡ. ಹಾಗೆ ಅಂದುಕೊಂಡಾಗ ತಾನು ದೊಡ್ಡವನಾದಂತೆ ಅನಿಸಿತು. ಆ ಅನಿಸಿಕೆಯನ್ನು ಅವನು ನಂಬಲಿಲ್ಲ. ಇತ್ತೀಚೆಗೆ ತನಗೆ ಹಿತವಾದ ಯಾವುದನ್ನೂ ಅವನು ನಂಬುತ್ತಿರಲಿಲ್ಲ.

ಮಧ್ಯಾಹ್ನ ಡಾರ್ಕಸ್ ನೀರು ತರಲು ಬಿಂದಿಗೆ ಹಿಡಿದು ಹೋದಳು, ಹೋಗುವ ಮುಂಚೆ ಅವನನ್ನೊಮ್ಮೆ ನೋಡಿದಳು. ಮಿಸೆಸ್ ಹೆಬ್ಡನ್ ಮೇಜು ಒರೆಸುತ್ತಿದ್ದಳು. ಅವನು ಬಂದದ್ದು ಕಂಡು ಒರೆಸುವ ಬಟ್ಟೆ ಕೈಯಲ್ಲೇ ಹಿಡಿದು ನೆಟ್ಟಗೆ ನಿಂತಳು. ಸೋಮವಾರದ ಗಾಡಿಗೆ ಹೇಳಿಯಾಗಿದೆ ಎಂದಳು. ಊರು ತಲುಪಿ ಮೊದಲು ಮಾಡುವ ಕೆಲಸ ವಾಲ್ಟರನ ತಾಯಿಯನ್ನು ನೋಡುವುದಂತೆ. ಮುದುಕಿಗೆ ಕಣ್ಣು ಕಾಣುವುದಿಲ್ಲ, ಒಬ್ಬನೇ ಮಗ. ಸುದ್ದಿ ತಿಳಿದಾಗಿನಿಂದ ಅನ್ನನೀರು ಬಿಟ್ಟು ಕೂತಿದ್ದಾಳಂತೆ. "ನಿಮ್ಮ ಮಗ ಒಬ್ಬಂಟಿಯಾಗಿ ಹೋಗಲಿಲ್ಲ, ಅವನು ಹೋಗೋ ಹೊತ್ತಿಗೆ ದೇವರು ಒಬ್ಬರನ್ನ ಎಬ್ಬಿಸಿ ಅವನಿಗೋಸ್ಕರ ಬೇಡಿಕೊಳ್ಳೋ ಹಾಗೆ ಮಾಡಿದ ಅಂತ ಹೇಳ್ತೀನಿ," ಎಂದಳು. "ನಿಮ್ಮ ಹೆಸರನ್ನೂ ಹೇಳ್ತೀನಿ. ಅವರು ದಿನಾ ನಿಮ್ಮನ್ನ ನೆನೆಸ್ಕೋತಾರೆ."

ಎಂದೂ ಕಾಣದ ಆ ಕುರುಡು ಮುದುಕಿ, ಎಲ್ಲೋ ಗಿರಣಿಯ ಹೊಗೆಯ ನಡುವೆ ಕೂತು, ದಿನವೂ ತನ್ನ ಹೆಸರು ಹೇಳಿ ಹರಸುವುದು ಜೇಬೆಜನ ಕಣ್ಣಿಗೆ ಕಟ್ಟಿತು. ನುಂಗಲಾರದ ತುತ್ತು ಅಂದರೆ ಇದೇ.

"ಮಿಸೆಸ್ ಹೆಬ್ಡನ್," ಎಂದ, "ನಿಮ್ಮ ಹಡಗು ಕೂಗಿದ್ದು ನನಗೆ ಕೇಳಿಸಿತ್ತು."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಯಾವಾಗ ಎಂದಳು.

"ಪ್ರಾರ್ಥನೆ ಮಧ್ಯ. ಕೇಳಿಸಿದ್ದಕ್ಕೇ ಸಮುದ್ರದ ಮಾತು ಬಂದದ್ದು, ದೇವರು ಹೇಳ್ಕೊಟ್ಟಿದ್ದಲ್ಲ. ಬಂಡೆಗೆ ಬಡಿದಿದೆ ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ನಾನು ನಿಲ್ಲಿಸಲಿಲ್ಲ." ಕಾರಣ ಹೇಳದೆ ಬಿಡಬಹುದಿತ್ತು. "ಚೆನ್ನಾಗಿ ಬರ್ತಿತ್ತು," ಎಂದ.

ಅವಳು ಕೂಗಾಡುತ್ತಾಳೆ, ಇಲ್ಲವೇ ಬಿಕ್ಕಿ ಅಳುತ್ತಾಳೆ, ಕೆನ್ನೆಗೆ ಹೊಡೆದರೂ ಹೊಡೆದಾಳು ಎಂದು ಅವನು ಸಿದ್ಧನಾಗಿ ನಿಂತಿದ್ದ. ಹೊಡೆದರೆ ಒಳ್ಳೆಯದೆಂಬ ಆಸೆಯೂ ಒಳಗಿತ್ತು. ಅವಳು ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದು, ಅವನು ನಿಂತಿರುವಾಗಲೇ, ಕೂತಳು.

"ಎಷ್ಟು ಹೊತ್ತು?" ಎಂದು ಕೇಳಿದಳು.

"ತುಂಬಾ ಹೊತ್ತಲ್ಲ."

"ನಿಮಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ಅಲ್ಲಿ ಹೊತ್ತು ತಿಳೀತಿರಲಿಲ್ಲ." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಈಗ ಹೇಳಿ. ಕೂಗು ಕೇಳಿಸ್ತಲ್ಲ, ಅಲ್ಲಿಂದ ಹೇಳಿ. ಒಂದು ಮಾತೂ ಬಿಡಬೇಡಿ. ಬೇಗ ಬೇಗ ಹೇಳಬೇಡಿ. ಅವತ್ತು ಹೇಗೆ ಹೇಳಿದ್ರೋ ಹಾಗೇ."

ಅದು ತನ್ನಿಂದಾಗದು ಎಂದ ಜೇಬೆಜ್. ಭಾನುವಾರ ಅಷ್ಟು ಜನರ ಮುಂದೆ ಆಗುವುದಾದರೆ ಇಲ್ಲಿಯೂ ಆಗುತ್ತದೆ ಎಂದಳು ಅವಳು. ಅವನು ಅಭ್ಯಾಸದಂತೆ ಕಣ್ಣು ಮುಚ್ಚಿದ. ತೆರೆದಿರಿ ಎಂದಳು. ತೆರೆದ.

"ಈ ಹೊತ್ತು ನೀರಿನ ಮೇಲಿರುವವರನ್ನು ನೆನೆ ಸ್ವಾಮಿ," ಎಂದು ಶುರುಮಾಡಿದ. ಆಮೆನ್ ಎನ್ನುವವರಿಲ್ಲದೆ ಮಾತು ನೆಲಕ್ಕೆ ಬಿತ್ತು. ಎರಡನೆಯದನ್ನು ಹೇಳಿದ. ಚುಕ್ಕಾಣಿ ಹಿಡಿದವರಿಗಾಗಿ ಬೇಡಿದ, ಕೆಳಗೆ ಕಲ್ಲಿದ್ದಲು ಎಸೆಯುವವರಿಗಾಗಿ ಬೇಡಿದ, ತೊಟ್ಟಿಲು ತೂಗುತ್ತ ಗಾಳಿಗೆ ಕಿವಿಗೊಟ್ಟ ಹೆಂಗಸರಿಗಾಗಿ ಬೇಡಿದ. ತೊಟ್ಟಿಲಿನ ಮಾತು ಅವತ್ತು ಎಲ್ಲರನ್ನೂ ಅಳಿಸಿತ್ತು, ಅದಕ್ಕೇ ಎರಡನೆಯ ಸಲವೂ ಹೇಳಿದ್ದ. ಈಗಲೂ ಎರಡು ಸಲ ಹೇಳಿದ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎರಡು ಕೈಯಲ್ಲೂ ಮೇಜಿನ ಅಂಚನ್ನು ಹಗ್ಗ ಹಿಡಿದಂತೆ ಹಿಡಿದಿದ್ದಳು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಡಾರ್ಕಸ್ ನೀರು ಹೊತ್ತು ಬಂದಳು, ಒಳಗೆ ಪ್ರಾರ್ಥನೆ ನಡೆಯುತ್ತಿರುವುದನ್ನು ಕಂಡು, ಬಿಂದಿಗೆಯನ್ನು ಇಳಿಸದೆ ಹೊಸ್ತಿಲ ಆಚೆಯೇ ನಿಂತುಬಿಟ್ಟಳು. ಜೇಬೆಜ್ ಮುಂದುವರಿಸಿದ. ಮಾತಿನಲ್ಲೇ ಪೂರ್ವದ ಸಮುದ್ರಗಳಿಗೆ ಹೋದ, ಪಶ್ಚಿಮದ ಸಮುದ್ರಗಳಿಗೆ ಹೋದ. ಅವತ್ತು ಇವೆಲ್ಲ ಒಂದು ಉಸಿರಿನಲ್ಲಿ ಮುಗಿದಂತೆ ಅನಿಸಿತ್ತು. ಮಾತುಗಳ ನಡುವೆ ಉಸಿರು ತೆಗೆದುಕೊಂಡ ಜಾಗಗಳೂ ಉದ್ದವಾಗಿದ್ದವು, ಅವುಗಳನ್ನೂ ಅವನು ಬಿಡಲಿಲ್ಲ. ಅವಳ ತೋಳುಗಳು ಸಣ್ಣಗೆ ನಡುಗತೊಡಗಿದವು. ಆಮೇಲೆ ಒಂದು ಕೈ ಮೇಜಿನಿಂದ ಜಾರಿತು. ಇನ್ನೊಂದು ಸ್ವಲ್ಪ ಹೊತ್ತು ಹಿಡಿದಿತ್ತು. ಅದೂ ಜಾರಿ ಮಡಿಲಿಗೆ ಬಿತ್ತು. ಜೇಬೆಜ್ ನಿಲ್ಲಿಸಿದ.

"ಮುಗೀತಾ?" ಎಂದಳು.

"ಇಲ್ಲ," ಎಂದ ಜೇಬೆಜ್. "ಇನ್ನೂ ಇದೆ."